45 ದಾಟಿದ ಮೇಲೆ ಕೆನ್ನೆಯಲ್ಲಿ ಕಂದು ಕಲೆ ಬಂದಿದೆ. ನಾದಿನಿ ಹಚ್ಚುವ ಕ್ರೀಮನ್ನೇ ನಾನೂ ಹಚ್ಚಬಹುದೇ? ಎಷ್ಟು ದಿನಕ್ಕೆ ಹೋಗುತ್ತದೆ?

ಎರಡೂ ಕೆನ್ನೆಗೆ ಒಂದೇ ಥರ ಹರಡಿದೆ, ಅಂಚು ಸ್ಪಷ್ಟವಿಲ್ಲ, ಬೇಸಿಗೆಯಲ್ಲಿ ಗಾಢವಾಗುತ್ತದೆ ಅಂದಿರಿ. ಆರು ವರ್ಷದ ಹಿಂದೆ ನನ್ನ ಮುಖವೂ ಹೀಗೇ ಇತ್ತು. ಇದು ವಯಸ್ಸಿನ ಕಲೆಯಲ್ಲ, ಬಂಗು. ಡಾಕ್ಟರು ಮೆಲಾಸ್ಮಾ ಅನ್ನುತ್ತಾರೆ.

ನಾನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬಿನಲ್ಲಿ ಮೂರು ಔಷಧಿ ಸೇರಿದ್ದವು: ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ 0.1%. ಮೂರು ವಾರದಲ್ಲಿ ಮುಖ ತಿಳಿಯಾಯಿತು. ಅದನ್ನು ನಂಬಿ ಏಳು ತಿಂಗಳು ಹಚ್ಚಿದೆ. ನನ್ನ ತಪ್ಪು ಇದೇ, ಇದನ್ನು ಬಿಡಿಸಿ ಹೇಳಲೇಬೇಕು.

ಈ ಮೂರನ್ನು ಬೆರೆಸುವುದು ಹೊಸ ಯೋಚನೆಯಲ್ಲ. 1975ರಲ್ಲೇ ಅಮೆರಿಕದ ಚರ್ಮತಜ್ಞರಾದ ಕ್ಲಿಗ್‌ಮನ್ ಮತ್ತು ವಿಲಿಸ್ ಇಂಥದೊಂದು ಮಿಶ್ರಣ ಪ್ರಕಟಿಸಿದ್ದರು. ಹೈಡ್ರೋಕ್ವಿನೋನ್ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಟ್ರೆಟಿನಾಯಿನ್ ಮೇಲ್ಚರ್ಮ ಬೇಗ ಬದಲಾಗುವ ಹಾಗೆ ಮಾಡುತ್ತದೆ. ಈ ಎರಡರ ಉರಿ ತಗ್ಗಿಸಲು ಸ್ಟೀರಾಯ್ಡ್ ಇರುತ್ತದೆ. ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ರೀಮಿನಲ್ಲಿ ಇರುವುದು ಫ್ಲುಯೊಸಿನೊಲೋನ್ ಎಂಬ ಸ್ಟೀರಾಯ್ಡ್ 0.01%, ಅದನ್ನೂ 8 ವಾರಕ್ಕೆ ಮಾತ್ರ ಹಚ್ಚಲು ಹೇಳುತ್ತಾರೆ. ನನ್ನ ಟ್ಯೂಬಿನ ಮೊಮೆಟಾಸೋನ್ ಅದಕ್ಕಿಂತ ಜೋರು. ಅದನ್ನು ನಾನು ದಿನಕ್ಕೆ ಎರಡು ಸಲ, ಹಗಲು ಬಿಸಿಲಿಗೆ ಹೋಗುವಾಗಲೂ ಹಚ್ಚಿದೆ. ಟ್ರೆಟಿನಾಯಿನ್ ಇರುವುದನ್ನು ರಾತ್ರಿ ಮಾತ್ರ ಹಚ್ಚಬೇಕು.

ಸ್ಟೀರಾಯ್ಡ್ ತಾನೂ ಸ್ವಲ್ಪ ಬಣ್ಣ ಇಳಿಸುತ್ತದೆ, ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಮುಖ ಬೆಳ್ಳಗೆ, ನಯವಾಗಿ ಕಾಣುವುದು. ಒಳಗೆ ಚರ್ಮ ತೆಳ್ಳಗಾಗುತ್ತಿರುತ್ತದೆ. ನಾಲ್ಕನೇ ತಿಂಗಳಿಗೆ ಕೆನ್ನೆಯಲ್ಲಿ ಕೆಂಪು ನೂಲಿನಂಥ ನರಗಳು ಕಂಡವು, ಗಲ್ಲಕ್ಕೆ ಮೊಡವೆ, ಕಿವಿಯ ಮುಂದೆ ಸಣ್ಣ ಕೂದಲು. ಆದರೂ ಹಚ್ಚುತ್ತಲೇ ಇದ್ದು, ಏಳನೇ ತಿಂಗಳ ಕೊನೆಗೆ ಹೆದರಿ ಒಮ್ಮೆಲೇ ಬಿಟ್ಟೆ. ಅದು ತಪ್ಪಿನ ಕೊನೆಯ ಭಾಗ. ನಾಲ್ಕೇ ದಿನಕ್ಕೆ ಮುಖವೆಲ್ಲ ಉರಿದು ಕೆಂಪಾಯಿತು, ಬಂಗು ಮೊದಲಿಗಿಂತ ಕಪ್ಪಾಗಿ ಮರಳಿತು. ಚರ್ಮದ ಡಾಕ್ಟರು ಕಡಿಮೆ ಜೋರಿನ ಮುಲಾಮಿಗೆ ಇಳಿಸಿ, ದಿನ ಬಿಟ್ಟು ದಿನ ಮಾಡಿ, ಹಂತಹಂತವಾಗಿ ಬಿಡಿಸಬೇಕಾಯಿತು. ಒಂದು ವರ್ಷ ಹೋಯಿತು. ಔಷಧಿ ಕೆಟ್ಟದ್ದಲ್ಲ. ನಿಲ್ಲಿಸುವ ತಾರೀಕು ಚೀಟಿಯಲ್ಲಿಲ್ಲದೆ ಶುರುಮಾಡುವುದು ಕೆಟ್ಟದ್ದು.

ಅದಕ್ಕೇ "ಯಾವ ಕ್ರೀಮ್" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಂಗಿಗೆ ಮೊದಲ ಔಷಧಿ ಸನ್‌ಸ್ಕ್ರೀನ್. ಅದಿಲ್ಲದೆ ಇಳಿಸಿದ ಬಣ್ಣವೆಲ್ಲ ಮತ್ತೆ ಏರುತ್ತದೆ. "ಬೆಂಗಳೂರಲ್ಲಿ ಅಷ್ಟು ಬಿಸಿಲಿಲ್ಲ" ಅಂದಿದ್ದೀರಿ. ತಂಪು ಗಾಳಿಗೂ ಅತಿನೇರಳೆ (ಯುವಿ) ಕಿರಣಕ್ಕೂ ಸಂಬಂಧವಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಎತ್ತರ ಹೆಚ್ಚಿದಷ್ಟೂ ಆ ಕಿರಣ ಹೆಚ್ಚು.

ಸನ್‌ಸ್ಕ್ರೀನ್ ಡಬ್ಬಿಯ ಮೇಲೆ ಎಸ್‌ಪಿಎಫ್ 30 ಅಥವಾ 50, ಜೊತೆಗೆ ಪಿಎ+++ ಇರಲಿ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿ-ಬಿ ಲೆಕ್ಕ, ಪಿಎ ಹೇಳುವುದು ಯುವಿ-ಎ ಲೆಕ್ಕ. ಕಿಟಕಿಯ ಗಾಜು, ಕಾರಿನ ಪಕ್ಕದ ಗಾಜು ದಾಟಿ ಬರುವುದು ಯುವಿ-ಎ. ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ: ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್. ಬಣ್ಣವಿಲ್ಲದ ಜೆಲ್ ತಡೆಯುವುದಿಲ್ಲ. ಟ್ಯೂಬಿನ ಹಿಂದೆ ಆ ಹೆಸರು ಹುಡುಕಿ ಕೊಳ್ಳಿ.

ಪ್ರಮಾಣದಲ್ಲೇ ಎಲ್ಲರೂ ಎಡವುವುದು. ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಕಡಲೆಕಾಳಿನಷ್ಟು ಸವರಿಕೊಂಡರೆ ಡಬ್ಬಿಯ ಮೇಲಿನ 50 ನಿಮಗೆ ಸಿಗುವುದಿಲ್ಲ. ತೋರುಬೆರಳು, ನಡುಬೆರಳಿನ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿ, ಅಷ್ಟೂ ಮುಖ ಮತ್ತು ಕತ್ತಿಗೆ. ಒಂದೇ ಸಲಕ್ಕೆ ಜಿಡ್ಡೆನಿಸಿದರೆ ಒಂದು ಬೆರಳಿನದು ಹಚ್ಚಿ, ಒಣಗಿದ ಮೇಲೆ ಇನ್ನೊಂದು. ಮನೆ ಬಿಡುವ 15–20 ನಿಮಿಷ ಮೊದಲು ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬೆವರನ್ನು ಉಜ್ಜಬೇಡಿ, ಒತ್ತಿ ತೆಗೆಯಿರಿ. ದಿನಕ್ಕೆ ಎರಡು ಸಲ ಸರಿಯಾಗಿ ಹಚ್ಚಿದರೆ 50 ಗ್ರಾಂ ಟ್ಯೂಬು ತಿಂಗಳೊಳಗೆ ಮುಗಿಯಬೇಕು. ಮೂರು ತಿಂಗಳು ಬಂತೆಂದರೆ ನೀವು ಹಚ್ಚುತ್ತಿರುವುದು ಸಾಲದು.

ಕಲೆಗೆ ನನಗೆ ಒಗ್ಗಿದ್ದು ಅಜೆಲಾಯಿಕ್ ಆಸಿಡ್ 20%. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಹಚ್ಚಬೇಕು, ಮೊದಲ ಎರಡು ವಾರ ದಿನ ಬಿಟ್ಟು ದಿನ. ಒದ್ದೆ ಮುಖಕ್ಕೆ ಹಚ್ಚಿದರೆ ಚುರುಚುರು ಹೆಚ್ಚು. ಮೂರು ನಾಲ್ಕು ತಿಂಗಳಿಗೆ ಮೊದಲು ತೀರ್ಮಾನ ಬೇಡ. ಅದೇ ಕಿಟಕಿ, ಅದೇ ಹೊತ್ತಿನಲ್ಲಿ ತಿಂಗಳಿಗೊಂದು ಫೋಟೊ ತೆಗೆದಿಡಿ, ಕನ್ನಡಿ ದಿನಾ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಬಂಗಿಗೆ ಅದೂ ಕಾರಣವಾಗುತ್ತದೆ. ನಿಂಬೆರಸ ಹಚ್ಚುತ್ತಿದ್ದರೆ ಇವತ್ತೇ ಬಿಡಿ. ಅದು ಹತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಸುಟ್ಟು ಹೊಸ ಕಲೆಯೇ ಏಳಬಹುದು.

ನಿಜವಾದ ವಯಸ್ಸಿನ ಕಲೆ ಅಂದರೆ ಅಂಚು ಸ್ಪಷ್ಟವಾದ, ಚಪ್ಪಟೆಯಾದ ಮಚ್ಚೆ, ಮುಖದ ಮೇಲೆ ಮತ್ತು ಮುಂಗೈ ಹಿಂಭಾಗದಲ್ಲಿ. ಅದನ್ನು ದ್ರವ ಸಾರಜನಕದಿಂದಲೋ ಲೇಸರಿನಿಂದಲೋ ತೆಗೆಯುತ್ತಾರೆ. ಬಂಗಿಗೆ ಮಾತ್ರ ಲೇಸರ್ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ, ನಮ್ಮ ಚರ್ಮದಲ್ಲಿ ಅದು ಕಪ್ಪಾಗಿ ಮರಳುವುದು ಮಾಮೂಲು. ಒಂದೇ ಮಚ್ಚೆ ಬೆಳೆಯುತ್ತಿದ್ದರೆ, ಎರಡು ಮೂರು ಬಣ್ಣವಿದ್ದರೆ, ರಕ್ತ ಬಂದರೆ ಯಾವ ಕ್ರೀಮೂ ಹಚ್ಚದೆ ತೋರಿಸಿ. ಅಂಥ ಮಚ್ಚೆ ಇದೆಯೇ ಎಂದು ಅಂಗಾಲು, ಉಗುರಿನ ಅಡಿಯನ್ನೂ ನೋಡಿಕೊಳ್ಳಿ.

ನಾದಿನಿಯ ಟ್ಯೂಬಿನಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಫ್ಲುಯೊಸಿನೊಲೋನ್, ಕ್ಲೊಬೆಟಾಸಾಲ್ ಈ ಸ್ಟೀರಾಯ್ಡುಗಳಲ್ಲಿ ಯಾವ ಹೆಸರಿದ್ದರೂ ನೀವು ಮುಟ್ಟಬೇಡಿ. ಅವರು ತಿಂಗಳುಗಟ್ಟಲೆ ಹಚ್ಚಿದ್ದರೆ, ಒಮ್ಮೆಲೇ ನಿಲ್ಲಿಸದೆ ಆ ಟ್ಯೂಬನ್ನು ಕೈಯಲ್ಲಿ ಹಿಡಿದೇ ಚರ್ಮದ ಡಾಕ್ಟರ ಹತ್ತಿರ ಹೋಗಲಿ.