ಕಡಲಿಗೂ ಘಟ್ಟಕ್ಕೂ ನಡುವೆ ಒಂದಿಷ್ಟು ನಡಿಗೆ: ನೀವು ಕೇಳಿದ್ದು, ನಾವು ಹೇಳಿದ್ದು

ಉತ್ತರ ಕನ್ನಡದ ಸುಲಭ ಚಾರಣದ ದಾರಿಗಳ ಬಗ್ಗೆ ಏನಾದರೂ ಕೇಳಬೇಕಿದ್ದರೆ ಬರೆಯಿರಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಒಂದು ಗೊಣಗಾಟ ಮತ್ತೆ ಮತ್ತೆ ಇತ್ತು: "ಎಲ್ಲ ಕಡೆ ಸುಲಭ ಅಂತ ಬರೆದಿರುತ್ತಾರೆ, ಹೋದರೆ ಜೀವ ಬಾಯಿಗೆ ಬರುತ್ತದೆ." ಅವರ ಮಾತು ಸುಳ್ಳಲ್ಲ. ಈ ಜಿಲ್ಲೆಯ ಹೆಚ್ಚಿನ ದಾರಿಗಳಲ್ಲಿ ಹತ್ತುವ ಎತ್ತರ ತೀರಾ ಕಡಿಮೆ. ಜನ ಸೋಲುವುದು ಸೆಖೆಗೆ, ಜಾರುವ ಕಲ್ಲಿಗೆ, ಅದಕ್ಕಿಂತ ಜಾಸ್ತಿ ಹೊತ್ತು ತಪ್ಪಿ ಹೊರಟಿದ್ದಕ್ಕೆ. ಇದನ್ನು ತಲೆಯಲ್ಲಿಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನಗೆ 62, ನನ್ನವಳಿಗೆ 58. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಒಂದು ಗಂಟೆ ನಡೆಯುತ್ತೇವೆ. ನನಗೆ ಸ್ವಲ್ಪ ಮಂಡಿ ನೋವಿದೆ. ಗೋಕರ್ಣದ ಬೀಚ್ ಟ್ರೆಕ್ ನಮ್ಮಿಂದ ಆಗುತ್ತದಾ? (ದಾವಣಗೆರೆಯಿಂದ)

ಆಗುತ್ತದೆ ಸರ್. ಪೂರ್ತಿ ಮಾಡಲೇಬೇಕು ಅನ್ನುವ ಹಟ ಮಾತ್ರ ಬೇಡ.

ಗೋಕರ್ಣ ಊರಿನ ಕಡಲ ತೀರದಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಕುಡ್ಲೆ, ಆಮೇಲೆ ಓಂ, ಅದರ ಮುಂದೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಪ್ರತಿ ಎರಡು ತೀರದ ನಡುವೆ ಕಡಲಿಗೆ ಚಾಚಿಕೊಂಡ ಒಂದೊಂದು ಗುಡ್ಡ ಇದೆ. ಹತ್ತಬೇಕು, ಇಳಿಯಬೇಕು, ಅಷ್ಟೇ. ನಿಮ್ಮ ನಡಿಗೆಗೆ ಒಂದೊಂದು ಗುಡ್ಡಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ.

ಮಂಡಿ ನೋವಿನವರಿಗೆ ಹತ್ತುವಾಗ ಅಷ್ಟೇನೂ ಗೊತ್ತಾಗುವುದಿಲ್ಲ, ಇಳಿಯುವಾಗಲೇ ಕಷ್ಟ. ಅದರಲ್ಲೂ ಈ ಗುಡ್ಡಗಳ ಮೈ ಚಿರೆಕಲ್ಲಿನದು. ಮೇಲೆ ಗೋಲಿ ಗಾತ್ರದ ಕೆಂಪು ಹರಳು ಸಡಿಲವಾಗಿ ಬಿದ್ದಿರುತ್ತದೆ. ಒಣಗಿದ ದಿನವೇ ಅದು ಜಾರುವುದು ಜಾಸ್ತಿ, ಹಲಗೆ ಮೇಲೆ ಕಡಲೆ ಚೆಲ್ಲಿ ಅದರ ಮೇಲೆ ಕಾಲಿಟ್ಟ ಹಾಗೆ. ಹಾಫ್ ಮೂನ್‌ಗೆ ಇಳಿಯುವ ಕಡೆ ನಾನು ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ, ಎರಡು ಮಾರು ದೂರ ಕೂತಲ್ಲೇ ಜಾರಿ ಇಳಿದಿದ್ದೇನೆ. ಪ್ಯಾಂಟು ಹೋಯಿತು, ಮಾನವೂ ಹೋಯಿತು, ಹಿಂದೆ ಬರುತ್ತಿದ್ದ ಕಾಲೇಜು ಹುಡುಗರು ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಹಾಗಾಗಿ ಅಡಿಯಲ್ಲಿ ಗಟ್ಟಿ ಹಲ್ಲು ಇರುವ ಶೂ ಹಾಕಿ, ಕೈಯಲ್ಲಿ ಒಂದು ಕೋಲು ಇರಲಿ. ಇಳಿಯುವಾಗ ನೇರವಾಗಿ ಬೇಡ, ಸ್ವಲ್ಪ ಓರೆಯಾಗಿ ಸಣ್ಣ ಹೆಜ್ಜೆ ಹಾಕಿ.

ನಿಮಗೆ ನನ್ನ ಸಲಹೆ ಇದು. ಬೆಳಿಗ್ಗೆ ಆರೂವರೆಗೆ ಕುಡ್ಲೆಯಿಂದ ಹೊರಟು ಓಂ ಬೀಚಿಗೆ ಬನ್ನಿ. ಅಲ್ಲಿ ಕೂತು ತಿಂಡಿ ತಿನ್ನಿ. ಮಂಡಿ ಏನು ಹೇಳುತ್ತದೆ ಕೇಳಿ. ಸರಿಯಿದ್ದರೆ ಹಾಫ್ ಮೂನ್ ತನಕ ಹೋಗಿ ಬನ್ನಿ, ಇಲ್ಲದಿದ್ದರೆ ಅಲ್ಲಿಗೇ ಸಾಕು, ಯಾಕೆಂದರೆ ಓಂ ಬೀಚಿಗೆ ವಾಹನದ ರಸ್ತೆ ಇದೆ, ಮೆಟ್ಟಿಲು ಹತ್ತಿದರೆ ಆಟೋ ಸಿಗುತ್ತದೆ. ಹಾಫ್ ಮೂನ್‌ಗೆ ರಸ್ತೆ ಇಲ್ಲ. ಅಲ್ಲಿ ಕಾಲು ಉಳುಕಿದರೆ ಅದೇ ಕಾಲಲ್ಲಿ ವಾಪಸ್ ಬರಬೇಕು ಅಥವಾ ದೋಣಿಗೆ ಕಾಯಬೇಕು. ಪ್ಯಾರಡೈಸ್ ಕಡೆ ಹೋಗುವಾಗ ಬಂಡೆಗಳ ಮೇಲೆ ಕೈ ಊರಿ ದಾಟುವ ಜಾಗಗಳಿವೆ, ಅದು ನಿಮಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ, ಭರತ ಮತ್ತು ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಎರಡೂ ಜೋರು. ಬೆಳಿಗ್ಗೆ ಒಣಗಿದ್ದ ಬಂಡೆಯ ದಾರಿ ಮಧ್ಯಾಹ್ನ ನೀರೊಳಗೆ ಇರಬಹುದು. ಅಲ್ಲಿಯ ಮೀನುಗಾರರನ್ನು ಒಂದು ಮಾತು ಕೇಳಿದರೆ ಗಡಿಯಾರ ನೋಡಿದ ಹಾಗೆ ಹೇಳುತ್ತಾರೆ. ಕಪ್ಪಗೆ ಹೊಳೆಯುವ ಬಂಡೆ ಕಂಡರೆ ಫೋಟೋಗೆ ಅಂತಲೂ ಅದರ ಮೇಲೆ ನಿಲ್ಲಬೇಡಿ. ಹೊಳೆಯುತ್ತಿದೆ ಅಂದರೆ ಪಾಚಿ ಇದೆ, ಅಲೆ ಅಲ್ಲಿಯವರೆಗೂ ಬರುತ್ತದೆ ಅಂತಲೇ ಅರ್ಥ.

ಪ್ರಶ್ನೆ: ಮಕ್ಕಳಿಗೆ 7 ಮತ್ತು 10 ವರ್ಷ. ಯಾಣಕ್ಕೆ ಕರೆದುಕೊಂಡು ಹೋಗಬಹುದಾ? ಉಂಬಳ (ಜಿಗಣೆ) ಅಂದರೆ ಇಬ್ಬರೂ ಕಿರುಚುತ್ತಾರೆ. (ಬೆಂಗಳೂರಿನಿಂದ)

"ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ" ಅಂತ ನಮ್ಮಲ್ಲಿ ಹಳೇ ಗಾದೆ. ಆಗ ಯಾಣಕ್ಕೆ ದಟ್ಟ ಕಾಡಿನಲ್ಲಿ ನಡೆದೇ ಹೋಗಬೇಕಿತ್ತು, ಮೈಯಲ್ಲಿ ಸೊಕ್ಕು ಇದ್ದವರಿಗೆ ಮಾತ್ರ. ಈಗ ಹತ್ತಿರದವರೆಗೂ ಕಾರು ಹೋಗುತ್ತದೆ. ಗೋಕರ್ಣದ ರೂಮಿನ ಬಾಡಿಗೆ ನೋಡಿದರೆ ಗಾದೆಯ ಇನ್ನರ್ಧ ಮಾತ್ರ ಇನ್ನೂ ಸವೆದಿಲ್ಲ.

ಯಾಣ ಶಿರಸಿಯಿಂದ ಸುಮಾರು 40 ಕಿ.ಮೀ., ಕುಮಟಾದಿಂದ 31. ಗಾಡಿ ನಿಲ್ಲಿಸುವ ಜಾಗದಿಂದ ಶಿಖರದ ಬುಡಕ್ಕೆ ನೆರಳಿನ ದಾರಿ, ಮೆಟ್ಟಿಲಿದೆ, 7 ವರ್ಷದ ಮಗು ಆರಾಮಾಗಿ ನಡೆಯುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90. ಹಸಿರು ಕಾಡಿನ ಮಧ್ಯೆ ಇದ್ದಿಲು ಬಣ್ಣದ ಸುಣ್ಣದ ಕಲ್ಲು ನೆಟ್ಟಗೆ ಎದ್ದು ನಿಂತಿದೆ. ಮಕ್ಕಳಿಗೆ ಭಸ್ಮಾಸುರನ ಕಥೆ ಮೊದಲೇ ಹೇಳಿರಿ, ಅವನು ಉರಿದು ಬೂದಿಯಾದದ್ದಕ್ಕೇ ಇಲ್ಲಿಯ ಮಣ್ಣು ಕಪ್ಪು ಅನ್ನುತ್ತಾರೆ. ಬಂಡೆಯ ಬಿರುಕಿನೊಳಗೆ ಹೋಗಿ ತಲೆ ಎತ್ತಿ ಆಕಾಶದ ತುಂಡು ನೋಡುವುದೇ ಅಲ್ಲಿಯ ದೊಡ್ಡ ಖುಷಿ. ಬಂಡೆಯಲ್ಲಿ ಜೇನುಗೂಡುಗಳಿರುತ್ತವೆ. ಕಲ್ಲು ಎಸೆಯಬಾರದು, ಕೂಗಬಾರದು ಅನ್ನುವುದನ್ನು ಕಾರಿನಲ್ಲೇ ಮಾತು ತೆಗೆದುಕೊಂಡು ಬನ್ನಿ.

ಉಂಬಳ ಮಳೆಗಾಲದ ಅತಿಥಿ. ಜೂನ್‌ನಿಂದ ಅಕ್ಟೋಬರ್ ತನಕ ಇದ್ದೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ನೆಲ ಒಣಗಿರುತ್ತದೆ, ಕಿರುಚಾಟ ಇಲ್ಲ. ಹತ್ತಿದರೂ ಎಳೆಯಬೇಡಿ. ಒಂದು ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಎಂಜಲಿನಲ್ಲಿರುವುದರಿಂದ, ಬಿದ್ದ ಮೇಲೂ ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ. ನೋಡಲು ಭಯ, ಆದರೆ ಏನೂ ಆಗುವುದಿಲ್ಲ. ತೊಳೆದು ಒಂದು ಹತ್ತಿ ಒತ್ತಿ ಹಿಡಿಯಿರಿ. ಉಪ್ಪು ಮನೆಯಿಂದ ತರದಿದ್ದರೂ ನಡೆಯುತ್ತದೆ, ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಅದನ್ನು ಗದ್ದೆಯಲ್ಲೇ ಬೆಳೆಯುತ್ತಾರೆ!

ಪ್ರಶ್ನೆ: ಜುಲೈನಲ್ಲಿ ನಾಲ್ಕು ದಿನ ರಜೆ. ಹಸಿರು ನೋಡಬೇಕು, ಜಾಸ್ತಿ ನಡೆಯಬಾರದು. ಎಲ್ಲಿಗೆ? (ಹುಬ್ಬಳ್ಳಿಯಿಂದ)

ಜುಲೈನಲ್ಲಿ ಕಡಲ ಅಂಚಿನ ದಾರಿ ಬೇಡವೇ ಬೇಡ. ಯಾಂತ್ರಿಕ ದೋಣಿಗಳೇ ಜೂನ್, ಜುಲೈ ಎರಡು ತಿಂಗಳು ಕಡಲಿಗೆ ಇಳಿಯುವುದಿಲ್ಲ. ಅದು ಮೀನಿನ ಸಂತಾನಕ್ಕಾಗಿ ಸರ್ಕಾರ ಹಾಕಿರುವ ನಿಷೇಧ, ನಿಜ, ಆದರೆ ಆ ಹೊತ್ತಿನ ಕಡಲನ್ನು ಒಮ್ಮೆ ನೋಡಿದರೆ ನಿಷೇಧ ಇಲ್ಲದಿದ್ದರೂ ಯಾರು ಇಳಿಯುತ್ತಿದ್ದರು ಅನಿಸುತ್ತದೆ.

ಯಲ್ಲಾಪುರ ಕಡೆ ಹೋಗಿ. ಬೇಡ್ತಿ ನದಿ ಮಾಗೋಡಿನಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ನೋಡುವ ಕಟ್ಟೆಯ ತನಕ ನಡಿಗೆ ತೀರಾ ಕಡಿಮೆ. ತೊಂದರೆ ಒಂದೇ, ಮಂಜು. ನಾನು ಒಮ್ಮೆ ಮುಕ್ಕಾಲು ಗಂಟೆ ಬಿಳಿ ಗೋಡೆಯನ್ನೇ ನೋಡುತ್ತಾ ಜಲಪಾತದ ಸದ್ದು ಮಾತ್ರ ಕೇಳಿಸಿಕೊಂಡು ನಿಂತಿದ್ದೆ. ಹೊರಡೋಣ ಅಂತ ಕೊಡೆ ಬಿಡಿಸುವಷ್ಟರಲ್ಲಿ ಪರದೆ ಸರಿದ ಹಾಗೆ ಎಲ್ಲ ಕಂಡಿತು, ಎರಡೇ ನಿಮಿಷ, ಮತ್ತೆ ಮುಚ್ಚಿತು. ಕಾಯುವ ತಾಳ್ಮೆ ಇಟ್ಟುಕೊಂಡು ಹೋಗಿ. ಹತ್ತಿರದಲ್ಲೇ ಜೇನುಕಲ್ಲು ಗುಡ್ಡ ಇದೆ, ಅಲ್ಲಿಯೂ ಜಾಸ್ತಿ ನಡೆಯಬೇಕಿಲ್ಲ.

ಸಿದ್ದಾಪುರದ ಕಡೆಯ ಉಂಚಳ್ಳಿ ಜಲಪಾತ (ಅಘನಾಶಿನಿ ಅಲ್ಲಿ 116 ಮೀಟರ್ ಧುಮುಕುತ್ತಾಳೆ) ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಮೆಟ್ಟಿಲು ಇಳಿದು ಹೋಗಬೇಕು, ಮಳೆಯಲ್ಲಿ ಜಾರುತ್ತದೆ.

ಘಟ್ಟದ ರಸ್ತೆ ಬಗ್ಗೆ ಒಂದು ಮಾತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನ ಸತ್ತರು. ಜಿಲ್ಲಾಡಳಿತ ರೆಡ್ ಅಲರ್ಟ್ ಹೇಳಿ ಶಾಲೆಗೆ ರಜೆ ಕೊಟ್ಟ ದಿನ ನೀವೂ ಹೊರಡಬೇಡಿ. ರೂಮಿನ ದುಡ್ಡು ಹೋದರೆ ಹೋಗಲಿ.

ಪ್ರಶ್ನೆ: ಕುಮಟಾದಿಂದ ಗೋಕರ್ಣಕ್ಕೆ ಎರಡು ದಿನ ನಡೆಯುವ ಟ್ರೆಕ್ ಮೊದಲ ಸಲದವರಿಗೆ ಸರಿಯಾ? (ಮೈಸೂರಿನಿಂದ)

ದೂರ ಇಪ್ಪತ್ತೈದು ಕಿ.ಮೀ. ಹತ್ತಿರ. ಹತ್ತುವುದು ಕಡಿಮೆ, ಆದರೆ ಬಿಸಿಲು ಮತ್ತು ಮರಳು ಸೇರಿ ಅದನ್ನು ನಲವತ್ತು ಮಾಡಿಬಿಡುತ್ತವೆ. ಒಣ ಮರಳಲ್ಲಿ ನಡೆಯಬೇಡಿ, ಅಲೆ ಬಂದು ಹೋದ ಗಟ್ಟಿ ಒದ್ದೆ ಮರಳಲ್ಲಿ ನಡೆಯಿರಿ, ಅರ್ಧ ಶ್ರಮ ಉಳಿಯುತ್ತದೆ.

ಮೊದಲ ಸಲ ಆದರೆ ಮೊದಲ ಅರ್ಧ ಮಾತ್ರ ಮಾಡಿ: ಕುಮಟಾದಿಂದ ಕಡಲೇ ತೀರ, ಅಲ್ಲಿಂದ ಗುಡ್ಡ ಮತ್ತು ಸಣ್ಣ ತೀರಗಳನ್ನು ದಾಟುತ್ತಾ ಅಘನಾಶಿನಿ ಊರು. ಅಲ್ಲಿ ನದಿ ಕಡಲು ಸೇರುತ್ತದೆ, ದೋಣಿಯಲ್ಲಿ ಆಚೆ ದಡದ ತದಡಿಗೆ ದಾಟಬಹುದು. ಇಡೀ ದಿನ ಕಡಲನ್ನು ಬದಿಯಲ್ಲಿಟ್ಟುಕೊಂಡು ನಡೆದವರಿಗೆ ನೀರಿನ ಮೇಲಿನ ಆ ಕೆಲವು ನಿಮಿಷ ಇದೆಯಲ್ಲ, ಕಾಲಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ನಾನು ವಿಚಾರಿಸದೆ ಹೋಗಿ ಒಮ್ಮೆ ಆಚೆ ದಡದ ದೀಪ ಎಣಿಸುತ್ತಾ ಕೂತಿದ್ದೆ. ಕುಮಟಾ ಮತ್ತು ಗೋಕರ್ಣ ರೋಡ್ ಎರಡೂ ಕೊಂಕಣ ರೈಲಿನ ನಿಲ್ದಾಣಗಳು, ಹಾಗಾಗಿ ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಬಹುದು.

ತೀರದಲ್ಲಿ ಟೆಂಟ್ ಹಾಕುವ ಯೋಚನೆ ಇದ್ದರೆ ಬಿಡಿ. ಊರಲ್ಲಿ ಹೋಂಸ್ಟೇ ಹುಡುಕಿ.

ಪ್ರಶ್ನೆ: ಅರಣ್ಯ ಇಲಾಖೆ ಅನುಮತಿ ಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ತುಮಕೂರಿನಿಂದ)

ಗೋಕರ್ಣದ ತೀರಗಳಿಗೆ ಬೇಡ. ಕಾಡಿನೊಳಗಿನ ಚಾರಣಕ್ಕೆ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಂತೂ ಸುಮ್ನೆ ದಾರಿ ಕಂಡಿತು ಅಂತ ನುಗ್ಗುವ ಹಾಗಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆದ ಮೇಲೆ ರಾಜ್ಯದಲ್ಲಿ ನಿಯಮ ಬಿಗಿಯಾಯಿತು. ಅದೇ ವರ್ಷ ಇಲಾಖೆ 'ಅರಣ್ಯ ವಿಹಾರ' ಅನ್ನುವ ಆನ್‌ಲೈನ್ ಬುಕಿಂಗ್ ತಾಣ ಶುರು ಮಾಡಿತು. ಹೋಗುವ ದಾರಿಯ ಹೆಸರು ಅದರಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಆ ವಲಯದ ಅರಣ್ಯ ಕಚೇರಿಯಲ್ಲಿ ಕೇಳಿ. "ನಮಗೆ ಗಾರ್ಡ್ ಪರಿಚಯ ಇದ್ದಾರೆ" ಅನ್ನುವವರ ಹಿಂದೆ ಹೋಗಬೇಡಿ.

ಪ್ರಶ್ನೆ: ಫೆಬ್ರವರಿಯಲ್ಲಿ ಸಿದ್ದಾಪುರದ ಕಡೆ ಹೋಗುವವರಿದ್ದೇವೆ. ಮಂಗನ ಕಾಯಿಲೆ ಭಯಕ್ಕೆ ಅತ್ತೆ ಬೇಡ ಅನ್ನುತ್ತಿದ್ದಾರೆ. (ಬೆಳಗಾವಿಯಿಂದ)

ಅತ್ತೆಯ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣೆ ಕಚ್ಚುವುದರಿಂದ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ, ಸಿದ್ದಾಪುರ ತಾಲ್ಲೂಕಿನಲ್ಲಿ ಪ್ರಕರಣ ಬಂದದ್ದೂ ಇದೆ. ಹೊರಡುವ ಮುಂಚೆ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಆ ಕಾಡಿನಲ್ಲಿ ಮಂಗ ಸತ್ತ ಸುದ್ದಿ ಇದೆಯಾ ಕೇಳಿ. ಇದೆ ಅಂದರೆ ಆ ಸಲ ಕಡಲ ತೀರಕ್ಕೆ ಹೋಗಿ.

ಇಲ್ಲ ಅಂದರೂ ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ಚಂದ ಕಾಣುವುದಿಲ್ಲ, ಇರಲಿ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಉಣ್ಣೆ ಹತ್ತಿರ ಬರದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿ. ವಾಪಸ್ ಬಂದ ಕೂಡಲೇ ಬಟ್ಟೆ ಬಿಸಿ ನೀರಿಗೆ ಹಾಕಿ, ಮೈ ಪೂರ್ತಿ ನೋಡಿಕೊಂಡು ಸ್ನಾನ ಮಾಡಿ. ಆಮೇಲಿನ ಹತ್ತು ಹನ್ನೆರಡು ದಿನದಲ್ಲಿ ಜ್ವರ, ವಿಪರೀತ ತಲೆನೋವು ಬಂದರೆ ಡಾಕ್ಟರ್‌ಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ.

ಪ್ರಶ್ನೆ: ಅಮ್ಮನಿಗೆ 78. ಗುಡ್ಡ ಹತ್ತಲು ಆಗುವುದಿಲ್ಲ, ರೂಮಲ್ಲಿ ಬಿಟ್ಟು ಹೋಗಲು ನಮಗೆ ಮನಸ್ಸಿಲ್ಲ. (ಹಾಸನದಿಂದ)

ಹೊನ್ನಾವರಕ್ಕೆ ಹೋಗಿ. ಶರಾವತಿ ಕಡಲು ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆಯ ಕಾಲುದಾರಿ ಮಾಡಿದ್ದಾರೆ. ಏರಿಲ್ಲ, ಇಳಿಜಾರಿಲ್ಲ, ಹಿಡಿದುಕೊಳ್ಳಲು ಕಟಕಟೆ ಇದೆ. ಇಳಿತದ ಹೊತ್ತಿಗೆ ಹೋದರೆ ಕೆಸರಿನಿಂದ ಬೆರಳಿನ ಹಾಗೆ ಮೇಲೆದ್ದ ಬೇರುಗಳು, ಅವುಗಳ ನಡುವೆ ಓಡುವ ಏಡಿ ಎಲ್ಲ ಕಾಣುತ್ತವೆ. ಅಮ್ಮ ನಿಮಗಿಂತ ಜಾಸ್ತಿ ಹೊತ್ತು ಅಲ್ಲಿ ಬಗ್ಗಿ ನೋಡುತ್ತಾ ನಿಲ್ಲುತ್ತಾರೆ, ನೋಡಿ ಬೇಕಾದರೆ. ಪಕ್ಕದಲ್ಲೇ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತಾರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ಕಾಸರಕೋಡು ತೀರ ಇದೆ, ಸಂಜೆ ಅಲ್ಲಿ ಕೂರಬಹುದು.

ಪ್ರಶ್ನೆ: ನಾನು ಒಬ್ಬಳೇ ನಡೆಯಬೇಕು ಅಂತಿದ್ದೇನೆ. ಸರೀನಾ? (ಮಂಗಳೂರಿನಿಂದ)

ಕುಡ್ಲೆಯಿಂದ ಓಂ ತನಕ ಬೆಳಿಗ್ಗೆ ಧಾರಾಳವಾಗಿ ಹೋಗಿ, ಜನ ಇರುತ್ತಾರೆ. ಓಂ ದಾಟಿದ ಮೇಲೆ ದಾರಿ ನಿರ್ಜನ. ಒಂದೆರಡು ಕಡೆ ಕವಲೊಡೆಯುತ್ತದೆ, ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಆ ಭಾಗಕ್ಕೆ ಯಾವುದಾದರೂ ಗುಂಪಿನ ಜೊತೆ ಸೇರಿಕೊಳ್ಳಿ. ಇದನ್ನು ಗಂಡಸರಿಗೂ ಹೇಳುತ್ತೇನೆ, ಅವರು ಕೇಳುವುದಿಲ್ಲ ಅಷ್ಟೇ. ಇಳಿದುಕೊಂಡ ಮನೆಯವರಿಗೆ ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ ಹೊರಡಿ. ಡಿಸೆಂಬರ್‌ನಲ್ಲಿ ಆರು ಗಂಟೆ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ, ಗುಡ್ಡದ ಮರದಡಿ ಅದಕ್ಕೂ ಮುಂಚೆ ಕತ್ತಲು. ಸೂರ್ಯಾಸ್ತ ನೋಡುವ ಆಸೆ ಇದ್ದರೆ ಹಾಫ್ ಮೂನ್‌ನಲ್ಲಿ ಬೇಡ, ಕುಡ್ಲೆಗೆ ವಾಪಸ್ ಬಂದು ನೋಡಿ. ಮುಳುಗುವುದು ಅದೇ ಸೂರ್ಯ, ರೂಮು ಮಾತ್ರ ಹತ್ತಿರ.