ಹಾಸನದಲ್ಲಿ ಒಂದು ತಿಂಗಳು ಸಿಕ್ಕಿಹಾಕಿಕೊಂಡಿದ್ದೇನೆ, ಇಲ್ಲಿ ಮಾಡೋದಾದರೂ ಏನು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾಲ್ಕು ದಿನದ ಆಡಿಟ್ ಕೆಲಸಕ್ಕೆ ಅಂತ ಕಲಬುರಗಿಯಿಂದ ಬಂದಿದ್ದೀರಿ, ಈಗ ಮೇಲಿನವರು ‘ಇನ್ನೊಂದು ತಿಂಗಳು ಅಲ್ಲೇ ಇದ್ದು ಮುಗಿಸಿಕೊಂಡು ಬನ್ನಿ’ ಅಂದಿದ್ದಾರೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ಭಾನುವಾರ ಟ್ಯಾಕ್ಸಿಯಲ್ಲಿ ಮುಗಿಸಿದ್ದಾಗಿದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಲಾಡ್ಜಿನ ಟಿವಿ. ಸಂಜೆ ನಾಲ್ಕೂವರೆಗೇ ಬಿಡುವಾಗುತ್ತೆ, ಮುಂದೇನು ಅಂತ ಕೇಳಿದ್ದೀರಿ.

ನಾನೂ ಬ್ಯಾಂಕಿನ ಡೆಪ್ಯುಟೇಶನ್ ಮೇಲೆ ಸ್ವಲ್ಪ ದಿನಕ್ಕೆ ಅಂತ ಈ ಊರಿಗೆ ಬಂದವನೇ. ಮಕ್ಕಳ ಓದು ಮುಗಿದಿದ್ದೂ ಇಲ್ಲೇ, ಮನೆ ಕಟ್ಟಿದ್ದೂ ಇಲ್ಲೇ. ಆದ್ದರಿಂದ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರುತ್ತೆ. ಆದರೂ ಒಂದು ಮಾತು ನಿಷ್ಠುರವಾಗಿ ಹೇಳ್ತೀನಿ: ಒಂದೇ ದಿನದಲ್ಲಿ ಆ ಮೂರೂ ಊರು ಸುತ್ತಿ ಬಂದಿದ್ದು ಲೆಕ್ಕಕ್ಕಿಲ್ಲ. ಟ್ಯಾಕ್ಸಿಯಲ್ಲಿ ಬರೋರ ಹತ್ತಿರ ದುಡ್ಡಿರುತ್ತೆ, ಪುರುಸೊತ್ತಿರಲ್ಲ. ನಿಮಗೀಗ ಪುರುಸೊತ್ತು ಸಿಕ್ಕಿದೆ, ಅದೂ ಕಂಪನಿ ಖರ್ಚಿನಲ್ಲಿ.

ಮೊದಲು ರೂಮಿನ ವಿಷಯ ಮುಗಿಸೋಣ. ದಿನದ ಬಾಡಿಗೆಗೆ ಇರಬೇಡಿ. ಮ್ಯಾನೇಜರ್ ಹತ್ತಿರ ತಿಂಗಳ ಲೆಕ್ಕ ಮಾತಾಡಿ, ಒಪ್ಪದಿದ್ದರೆ ಪಿಜಿ ನೋಡಿ. ಇಂಜಿನಿಯರಿಂಗ್, ಮೆಡಿಕಲ್ ಕಾಲೇಜು ಎರಡೂ ಇರೋ ಊರು ಇದು, ಪಿಜಿಗೆ ಬರ ಇಲ್ಲ. ಸರಿಯಾದ ಬಿಲ್ ಕೊಡ್ತಾರಾ ಅಂತ ಮೊದಲೇ ಕೇಳಿಕೊಳ್ಳಿ (ಇದನ್ನ ಆಡಿಟರಿಗೆ ನಾನು ಹೇಳ್ಬೇಕಾ!). ಆಷಾಢದಲ್ಲಿ ಇಲ್ಲಿ ಬಟ್ಟೆ ಒಣಗಲ್ಲ. ಜೀನ್ಸ್ ಒಗೆಯೋ ಸಾಹಸ ಬೇಡ, ಬೇಗ ಆರೋ ಪ್ಯಾಂಟು ಎರಡು, ಒಂದು ಸ್ವೆಟರು, ಗಟ್ಟಿ ಕಡ್ಡಿಯ ಛತ್ರಿ ತಗೊಳ್ಳಿ. ಕಲಬುರಗಿಯವರಿಗೆ ಜುಲೈನಲ್ಲಿ ಸ್ವೆಟರ್ ಅಂದರೆ ತಮಾಷೆ ಅನ್ನಿಸಬಹುದು. ಬಡವರ ಊಟಿ ಅಂತ ಸುಮ್ಮನೆ ಕರೆಯಲ್ಲ ಈ ಊರನ್ನ.

ಈಗ ಹಳೇಬೀಡಿಗೆ ಇನ್ನೊಂದು ಸಲ ಹೋಗಿ. ಹೌದು, ಮತ್ತೆ. ಶನಿವಾರ ಮಧ್ಯಾಹ್ನ ಬೇಗ ಊಟ ಮುಗಿಸಿ ಬಸ್ ಹತ್ತಿ, ಮೂವತ್ತು ಕಿಲೋಮೀಟರ್ ಚಿಲ್ಲರೆ. ಮೊದಲ ಸಲ ಗೈಡ್ ಬೆರಳು ತೋರಿಸಿದ ಕಡೆ ಕತ್ತೆತ್ತಿ ನೋಡಿರುತ್ತೀರಿ, ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದಿರುತ್ತಾನೆ. ಈ ಸಲ ಗೈಡ್ ಬೇಡ. ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಆದ್ದರಿಂದ ಮೋಡ ಸರಿದರೆ ಸಂಜೆ ಬಿಸಿಲು ಬೀಳೋದು ಹಿಂದಿನ ಗೋಡೆ ಮೇಲೆ. ಒಳ್ಳೊಳ್ಳೆ ಮೂರ್ತಿಗಳಿರೋದೂ ಆ ಗೋಡೆಯಲ್ಲೇ. ಅಲ್ಲಿಗೆ ಹೋಗಿ ತಳದಿಂದ ಶುರು ಮಾಡಿ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು, ಕೊನೆಗೆ ಮಕರ, ಹಂಸ. ದೊಡ್ಡ ಮೂರ್ತಿಗಳನ್ನ ಆಮೇಲೆ ನೋಡಿದರಾಯ್ತು. ಆನೆ ಸಾಲನ್ನೇ ಹಿಡಿದು ಬಗ್ಗಿಕೊಂಡು ನಡೀರಿ. ಒಂದರ ಸೊಂಡಿಲು ಇದ್ದ ಹಾಗೆ ಇನ್ನೊಂದರದಿಲ್ಲ. ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗೋ ಜಾತಿ. ಅದಕ್ಕೇ ಕುದುರೆ ಮೇಲಿನ ಗೆಜ್ಜೆಸರದ ಮಣಿಯನ್ನೂ ಬಿಡಿಸೋಕಾಗಿದೆ. ಮಳೆ ಬಿದ್ದರೆ ಇದೇ ಕಲ್ಲು ಕಪ್ಪಗಾಗುತ್ತೆ, ಕೆತ್ತನೆಯ ಅಂಚಲ್ಲಿ ನೀರು ನಿಂತು ಹೊಳೆಯುತ್ತೆ. ಬೇಸಿಗೆಯಲ್ಲಿ ಬಂದವರಿಗೆ ಈ ಬಣ್ಣ ಸಿಗಲ್ಲ.

1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ಶುರುವಾದ ಗುಡಿ ಅದು. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಭಾನುವಾರದ ಜನಜಂಗುಳಿ ಬೇರೆ, ಅದಕ್ಕೇ ಶನಿವಾರ ಅಂದೆ. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಬಸ್ತಿಹಳ್ಳಿಯ ಜೈನ ಬಸದಿಗಳಿವೆ, ಟ್ಯಾಕ್ಸಿಯವರು ಸಾಮಾನ್ಯವಾಗಿ ಬಿಟ್ಟುಬಿಡ್ತಾರೆ. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥ ಹೊಳಪು ಕೊಟ್ಟಿದ್ದಾರೆ ಅಂದರೆ ಎದುರು ನಿಂತರೆ ನಿಮ್ಮ ಮುಖ ಕಾಣುತ್ತೆ. ಪುರಾತತ್ವ ಇಲಾಖೆಯ ಮ್ಯೂಸಿಯಂ ಗುಡಿ ಆವರಣದಲ್ಲೇ ಇದೆ, ಶುಕ್ರವಾರ ರಜ.

ಬೇಲೂರು ಹಾಗಲ್ಲ, ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕ್ತಾರೆ. ಮದನಿಕೆಯರನ್ನ ನೀವಾಗಲೇ ನೋಡಿದ್ದೀರಿ. ಮತ್ತೆ ಹೋದರೆ ಮೂರ್ತಿಯ ಪೀಠದ ಮೇಲಿನ ಸಣ್ಣ ಅಕ್ಷರ ಹುಡುಕಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಕೆತ್ತಿದವರ ಹೆಸರು ಸಿಗುತ್ತೆ. ಗುಡಿ 1117ರದ್ದು. ರಾಜನ ಹೆಸರು ಮಾತ್ರ ಉಳಿಯೋ ಕಾಲದಲ್ಲಿ ಕೆಲಸಗಾರ ಸಹಿ ಹಾಕಿದ್ದಾನೆ, ನಿಮ್ಮಂಥ ಸಹಿ ನೋಡೋ ಕೆಲಸದವರಿಗೆ ಇದು ಹಿಡಿಸಬೇಕು.

ಇಷ್ಟು ಶನಿವಾರದ್ದಾಯ್ತು. ವಾರದ ದಿನ ನಾಲ್ಕೂವರೆಯಿಂದ ಕತ್ತಲಾಗೋವರೆಗೆ ಎರಡು ಗಂಟೆ ಮೇಲೆ ಸಿಗುತ್ತಲ್ಲ, ಅದಕ್ಕೆ ಊರ ಸುತ್ತಲಿನ ಸಣ್ಣ ಗುಡಿಗಳಿವೆ. ನನ್ನ ಕೇಳಿದರೆ ಹಾಸನದಲ್ಲಿರೋದರ ನಿಜವಾದ ಲಾಭ ಇದೇ. ಅರಸೀಕೆರೆ ಕಡೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕೊರವಂಗಲ. ಅಲ್ಲಿನ ಬೂಚೇಶ್ವರ ಗುಡಿಯನ್ನ 1173ರಲ್ಲಿ, ವೀರಬಲ್ಲಾಳನ ಪಟ್ಟಾಭಿಷೇಕದ ಖುಷಿಗೆ ಬೂಚಿರಾಜ ಅನ್ನೋ ಅಧಿಕಾರಿ ಕಟ್ಟಿಸಿದ. ಸಂಜೆ ಹೋದರೆ ಗುಡಿಗೆಲ್ಲ ನೀವೊಬ್ಬರೇ. ಇನ್ನೊಂದು ದಿಕ್ಕಿಗೆ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಮೊಸಳೆ ಅನ್ನೋ ಹಳ್ಳಿ, ಅಲ್ಲಿ ನಾಗೇಶ್ವರ, ಚೆನ್ನಕೇಶವ ಗುಡಿಗಳು ಅವಳಿ ಮಕ್ಕಳ ಹಾಗೆ ಅಕ್ಕಪಕ್ಕ ನಿಂತಿವೆ. ಒಂದು ಶಿವನದು, ಒಂದು ವಿಷ್ಣುವಿನದು, ಕಟ್ಟಡ ಮಾತ್ರ ಒಂದರ ಹಾಗೇ ಇನ್ನೊಂದು.

ಮೂರನೆಯದು ದೊಡ್ಡಗದ್ದವಳ್ಳಿ. ಬೇಲೂರು ಬಸ್ಸಿನ ಕಂಡಕ್ಟರಿಗೆ ದೊಡ್ಡಗದ್ದವಳ್ಳಿಗೆ ಹೋಗೋ ಕಡೆ ಇಳಿಸಿ ಅನ್ನಿ, ಅಲ್ಲಿಂದ ಒಳಕ್ಕೆ ನಡೀಬೇಕು. ವ್ಯಾಪಾರಿ ದಂಪತಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ, ಬೇಲೂರಿನ ಗುಡಿಗಿಂತ ಕೆಲವು ವರ್ಷ ಹಳೆಯದು. ಪಕ್ಕದಲ್ಲೇ ಕೆರೆ. ಒಂದೇ ಸೂರಿನಡಿ ನಾಲ್ಕು ಗರ್ಭಗುಡಿ, ಅದರಲ್ಲೊಂದು ಕಾಳಿಯದು. ಕಾಳಿ ಬಾಗಿಲ ಎರಡೂ ಕಡೆ ಆಳೆತ್ತರದ ಬೇತಾಳಗಳು, ಮೂಳೆ ಚಕ್ಕಳ, ಪಕ್ಕೆಲುಬು ಎಣಿಸಬಹುದು, ಹಲ್ಲು ಕಿರಿದುಕೊಂಡು ನಿಂತಿವೆ. ಮೋಡ ಕವಿದ ಸಂಜೆ ಒಳಗೆ ಬೆಳಕು ಅಷ್ಟಕ್ಕಷ್ಟೇ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಅವು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಬೇಲೂರಿನ ಸುಂದರಿಯರನ್ನ ನೋಡಿ ಬಂದ ಕಣ್ಣಿಗೆ ಇದು ಬೇರೆಯೇ ರುಚಿ. ಇಂಥ ಹಳ್ಳಿ ಗುಡಿಗಳ ಬಾಗಿಲು ಹಾಕಿದ್ದರೆ ವಾಪಸ್ ಬರಬೇಡಿ, ಪಕ್ಕದ ಮನೆಯವರನ್ನ ಕೇಳಿ, ಬೀಗದ ಕೈ ಇರೋರನ್ನ ಕರೆಸ್ತಾರೆ. ಹೊರಡುವ ಮುಂಚೆ ಕೊನೇ ಬಸ್ ಎಷ್ಟೊತ್ತಿಗೆ ಅಂತಲೂ ಅವರನ್ನೇ ಕೇಳಿ, ಫೋನಿನಲ್ಲಿ ತೋರಿಸೋದನ್ನ ನಂಬಬೇಡಿ.

ಭಾನುವಾರಗಳಿಗೆ ಒಂದು ಉಪಾಯ ಇದೆ. ಹಾಸನ ಕೂತಿರೋದು ಮಲೆನಾಡು, ಬಯಲುಸೀಮೆ ಎರಡರ ಗಡಿಯಲ್ಲಿ. ಒಂದು ವಾರ ಪಶ್ಚಿಮಕ್ಕೆ ಹೋಗಿ, ಮುಂದಿನ ವಾರ ಈಶಾನ್ಯಕ್ಕೆ. ಪಶ್ಚಿಮಕ್ಕೆ ಆಲೂರು ದಾಟಿ ಸಕಲೇಶಪುರದ ಕಡೆ ಹೋಗ್ತಾ ಹೋಗ್ತಾ ಶುಂಠಿ ಹೊಲ ಮುಗಿದು ಕಾಫಿ ತೋಟ ಶುರುವಾಗುತ್ತೆ, ಮಳೆ ಇಮ್ಮಡಿ ಆಗುತ್ತೆ. ಪಟ್ಟಣದಿಂದ ಸ್ವಲ್ಪ ಮುಂದೆ ಹೆದ್ದಾರಿ ಪಕ್ಕದಲ್ಲೇ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ, ನಕ್ಷತ್ರದ ಆಕಾರದ್ದು. ಮಂಜಿದ್ದರೆ ಆಕಾರ ಏನೂ ತಿಳಿಯಲ್ಲ, ಆದರೂ ಗೋಡೆ ಮೇಲೆ ಪಾಚಿ ಬೆಳೆದಿರೋ ಈ ಕಾಲದಲ್ಲೇ ಚೆಂದ. ಹುಲ್ಲಿಗೆ ಕಾಲಿಟ್ಟರೆ ಇಂಬಳ (ಜಿಗಣೆ) ಹತ್ತುತ್ತೆ, ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯೋ ರೈಲು ದಾರಿಯಲ್ಲಿ 57 ಸುರಂಗಗಳಿವೆ, ಹಗಲು ರೈಲಿನ ಕಿಟಕಿ ಪಕ್ಕ ಕೂತು ನೋಡಿ. ಹಳಿ ಮೇಲೆ ನಡೆಯೋಣ ಬನ್ನಿ ಅಂತ ಯಾರಾದರೂ ಹುರಿದುಂಬಿಸಿದರೆ ಹೋಗಬೇಡಿ. ಅದು ಅಪರಾಧ, ಪ್ರಾಣಕ್ಕೂ ಅಪಾಯ.

ಈಶಾನ್ಯಕ್ಕೆ ಅರಸೀಕೆರೆ. ದಾರಿಯಲ್ಲೇ ಮಳೆ ನಿಂತು ತೆಂಗಿನ ತೋಟ, ರಾಗಿ ಹೊಲ ಬರುತ್ತೆ. ಅಲ್ಲಿನ ಈಶ್ವರ ದೇವಸ್ಥಾನದ ಮುಂದಿನ ನಕ್ಷತ್ರಾಕಾರದ ಮಂಟಪ ನೋಡಿ, ವಾಪಸ್ ಬರ್ತಾ ಹಾರನಹಳ್ಳಿಯಲ್ಲಿ ಇಳಿದು ಲಕ್ಷ್ಮೀನರಸಿಂಹ, ಸೋಮೇಶ್ವರ ಗುಡಿಗಳನ್ನೂ ನೋಡಿಕೊಂಡು ಬನ್ನಿ. ಗೊರೂರಿನ ಹೇಮಾವತಿ ಅಣೆಕಟ್ಟು, ಅದರ ಹಿನ್ನೀರಲ್ಲಿ ನಿಂತಿರೋ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು, ಇವುಗಳ ಫೋಟೋ ನಿಮಗಾಗಲೇ ಯಾರಾದರೂ ಕಳಿಸಿರುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಮಳೆಗಾಲದಲ್ಲಿ ನೀರೇರಿದರೆ ದೂರದಿಂದಲೇ ನೋಡಬೇಕು, ಒಂದು ಗಂಟೆ ಸಾಕು.

ಶ್ರವಣಬೆಳಗೊಳದಲ್ಲಿ ದೊಡ್ಡಬೆಟ್ಟ ಹತ್ತಿ ಗೊಮ್ಮಟನ್ನ ನೋಡಿ ಇಳಿದಿದ್ದೀರಿ. ಎದುರಿನ ಚಿಕ್ಕಬೆಟ್ಟ ಬಿಟ್ಟಿದ್ದೀರಿ, ಎಲ್ಲರೂ ಬಿಡ್ತಾರೆ. ಅಲ್ಲಿನ ಚಂದ್ರಗುಪ್ತ ಬಸದಿಯಲ್ಲಿ ಕಲ್ಲಿನ ಜಾಲಂಧ್ರದ ತುಂಬ ಭದ್ರಬಾಹು, ಚಂದ್ರಗುಪ್ತರ ಕಥೆಯನ್ನ ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿದ್ದಾರೆ. ಅದರ ಮೇಲಿರೋ ಹೆಸರೂ ದಾಸೋಜ ಅಂತಲೇ. ಬೇಸಿಗೆಯಲ್ಲಿ ಆ ಬಂಡೆ ಮೇಲೆ ಬರಿಗಾಲು ಸುಟ್ಟುಹೋಗುತ್ತೆ, ಈಗ ತಂಪಾಗಿರುತ್ತೆ, ಜಾರೋದೊಂದು ನೋಡ್ಕೊಳ್ಳಿ. ಕನ್ನಡದ ಮೇಲೆ ಪ್ರೀತಿ ಇದ್ದರೆ ಬೇಲೂರು ತಾಲೂಕಿನ ಹಲ್ಮಿಡಿಗೂ ಒಂದು ಬೆಳಗ್ಗೆ ಹೋಗಿ. ಸುಮಾರು 450ನೇ ಇಸವಿಯ ಶಾಸನ 1936ರಲ್ಲಿ ಸಿಕ್ಕ ಊರು. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿರೋದು ಅದರ ಪ್ರತಿಕೃತಿ.

ಊಟದ ಬಗ್ಗೆ ಕೇಳಿದ್ದೀರಿ. ಜೋಳದ ರೊಟ್ಟಿ ಹುಡುಕಿದರೆ ಖಾನಾವಳಿ ಸಿಗದೇ ಇರಲ್ಲ, ಆದರೆ ತಿಂಗಳೆಲ್ಲ ಅದನ್ನೇ ಹುಡುಕಬೇಡಿ. ಬೆಳಗ್ಗೆ ಅಕ್ಕಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಇದೆಯಾ ಕೇಳಿ. ಮಧ್ಯಾಹ್ನ ಮುದ್ದೆ, ಬಸ್ಸಾರು. ಮುದ್ದೆ ಅಗಿಯಬೇಡಿ, ಸಾರಲ್ಲಿ ಹೊರಳಿಸಿ ನುಂಗಬೇಕು, ಮೊದಲೆರಡು ದಿನ ಗಂಟಲು ಒಪ್ಪಲ್ಲ, ಮೂರನೇ ದಿನ ಅದೇ ಕೇಳುತ್ತೆ. ಈ ಮಳೆಯಲ್ಲಿ ಯಾರಾದರೂ ಸಹೋದ್ಯೋಗಿ ಮನೆಗೆ ಕರೆದು ಕಳಲೆ (ಎಳೇ ಬಿದಿರಿನ ಮೊಳಕೆ) ಪಲ್ಯ ಬಡಿಸಿದರೆ ಸಂಕೋಚ ಮಾಡ್ಕೊಂಡು ಬಿಡಬೇಡಿ, ಹೋಟೆಲಿನಲ್ಲಿ ಸಿಗೋ ಪದಾರ್ಥ ಅಲ್ಲ ಅದು. ಆಡಿಟ್ ಮುಗಿಯೋ ಮುಂಚೆ ಕರೀತಾರೋ ಇಲ್ವೋ, ಅದು ನಿಮ್ಮ ರಿಪೋರ್ಟ್ ಮೇಲೆ ಹೋಗುತ್ತೆ.

ಹಾಸನಾಂಬೆ ದರ್ಶನ ಈಗ ಆಗಲ್ಲ. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಕಳೆದ ಮೇಲೆ ಹಾಕ್ತಾರೆ, ವರ್ಷಕ್ಕೆ ಅಷ್ಟೇ. ನಿಮ್ಮ ಆಫೀಸಿನವರು ದಿನ ಮುಂದೂಡುತ್ತಿರೋ ರೀತಿ ನೋಡಿದರೆ ಅದೂ ಸಿಕ್ಕರೂ ಸಿಗಬಹುದು.

ವಾರಕ್ಕೊಮ್ಮೆ ಊರಿಗೆ ಹೋಗಿ ಬರಲಾ ಅಂದಿದ್ದಕ್ಕೆ, ಬೇಡ. ಎರಡು ರಾತ್ರಿ ರೈಲಲ್ಲೇ ಕಳೆದುಹೋಗುತ್ತೆ. ಅದರ ಬದಲು ಮನೆಯವರನ್ನೇ ಒಂದು ವಾರ ಕರೆಸಿಕೊಳ್ಳಿ. ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ ಕಲಬುರಗಿ ಮೇಲೇ ಬರುತ್ತೆ, ರಾತ್ರಿ ಹತ್ತಿದರೆ ಮಾರನೇ ದಿನ ಇಲ್ಲಿ ಇಳಿಯೋದು, ನಡುವೆ ಬದಲಾಯಿಸೋ ತಾಪತ್ರಯ ಇಲ್ಲ. ಇಲ್ಲಿ ಸಾಮಾನ್ಯ ಬಸ್ಸಿನಲ್ಲಿ ನಿಮ್ಮ ಶ್ರೀಮತಿಯವರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ, ಆಧಾರ್ ಕಾರ್ಡ್ ತರೋಕೆ ಹೇಳಿ. ರಿಸರ್ವೇಶನ್ ಇವತ್ತೇ ನೋಡಿ. ಶ್ರಾವಣದ ಹಬ್ಬಗಳು ಹತ್ತಿರ ಬಂದರೆ ಬರ್ತ್ ಸಿಗಲ್ಲ.