ಮಡಿಕೇರಿಯಲ್ಲಿ ಕೂತು ಕಡಲು ಬರೆಯಬಹುದಾ?

ನಮಸ್ಕಾರ. ಮಡಿಕೇರಿಯಲ್ಲಿ ಕೂತು ಫೋಟೋ ನೋಡಿ ಕಡಲಿನ ಚಿತ್ರ ಬರೆಯುತ್ತೇನೆ, ಅಲೆಗಳಿಗೆ ಜೀವ ಬರುತ್ತಿಲ್ಲ, ದೋಣಿ ಹತ್ತಲೇಬೇಕಾ ಅಂತ ಕೇಳಿದ್ದೀರಿ. ಹತ್ತಲೇಬೇಕು. ನಾನು ವಿರಾಜಪೇಟೆಯವನು, ನನಗೂ ಇದೇ ತೊಂದರೆ ಇತ್ತು. ದಡದಲ್ಲಿ ನಿಂತರೆ ಅಲೆ ಬಂದು ಒಡೆಯುವುದು ಮಾತ್ರ ಕಾಣುತ್ತದೆ, ದೋಣಿಯಲ್ಲಿ ಕೂತರೆ ಅದು ಕೆಳಗಿನಿಂದ ನಮ್ಮನ್ನೇ ಎತ್ತಿ ಇಳಿಸುತ್ತದೆ, ಆ ನೀರಿನ ಭಾರ ಒಮ್ಮೆ ಮೈಗೆ ಗೊತ್ತಾದರೆ ಕುಂಚ ಹಿಡಿದ ಕೈ ಬೇರೆ ಥರವೇ ಓಡುತ್ತದೆ.

ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಲಯೊನೆಲ್ ವೈಲಿ (1851–1931) ಹಾಗೇ ಬದುಕಿದವರು. ಹಾಯಿದೋಣಿ ನಡೆಸುತ್ತಲೇ ಸ್ಕೆಚ್ ಮಾಡುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, 1930ರಲ್ಲಿ, ಪೋರ್ಟ್ಸ್‌ಮತ್‌ನಲ್ಲಿ ಟ್ರಫಾಲ್ಗರ್ ನೌಕಾ ಕದನದ ಚಿತ್ರ ಮುಗಿಸಿದರು. ಸುಮಾರು 42 ಅಡಿ ಉದ್ದ! ಯಾವ ಗಾಳಿಗೆ ಹಾಯಿ ಎಷ್ಟು ಉಬ್ಬುತ್ತದೆ, ಯಾವ ಹಗ್ಗ ಬಿಗಿಯುತ್ತದೆ ಅನ್ನೋದು ಫೋಟೋದಿಂದ ಬರುವ ತಿಳುವಳಿಕೆ ಅಲ್ಲ, ಅಲ್ವಾ?

ಕಡಲಿನ ಚಿತ್ರಗಳಿಗೇ ಹೆಸರಾದ ರಷ್ಯಾದ ಚಿತ್ರಕಾರ ಐವಜೋವ್‌ಸ್ಕಿ ಸ್ಟುಡಿಯೊ ಒಳಗೆ ಕೂತು ನೆನಪಿನಿಂದ ಬರೆದರು, ನಿಜ. ಆದರೆ ಅವರೂ ರಷ್ಯಾದ ನೌಕಾಪಡೆಯ ಜೊತೆ ಕಡಲು ತಿರುಗಿದವರೇ.

ಮಳೆಗಾಲದಲ್ಲಿ ಮಾತ್ರ ಹೋಗಬೇಡಿ. ಡಿಸೆಂಬರ್ ಹೊತ್ತಿಗೆ ಮಲ್ಪೆಗೆ ಹೋಗಿ, ಸೇಂಟ್ ಮೇರೀಸ್ ದ್ವೀಪದ ದೋಣಿ ಹತ್ತಿ. ಬಣ್ಣ ಬೇಡ, ಜಾಸ್ತಿ ಸಾಮಾನೂ ಬೇಡ. ಸಣ್ಣ ಪುಸ್ತಕ, ಪೆನ್ಸಿಲ್, ಒದ್ದೆಯಾಗದಂತೆ ಒಂದು ಪ್ಲಾಸ್ಟಿಕ್ ಕವರ್ ಇದ್ದರೆ ಸಾಕು.